ಡೈನಮೋ ಬಿಚ್ಚುವ ಮೊದಲು

ಹಳೆಯ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆಲ್ಲ ಈ ತಾಪತ್ರಯ ಗೊತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಗ್ಯಾರೇಜಿಗೆ ಒಯ್ದರೆ ಮೊದಲು ಬ್ಯಾಟರಿ ಬದಲಾಗುತ್ತದೆ. ಕೆಲವೇ ದಿನಗಳಲ್ಲಿ ಅದೂ ಇಳಿದಾಗ ಕರೆಂಟ್ ಹುಟ್ಟಿಸುವ ಡೈನಮೋ ಬಿಚ್ಚಿ ರಿವೈಂಡಿಂಗಿಗೆ ಕಳಿಸುತ್ತಾರೆ, ಅದೂ ಕೈಕೊಟ್ಟರೆ ಚಾರ್ಜನ್ನು ಹತೋಟಿಯಲ್ಲಿಡುವ ಕಟೌಟ್ ಬಾಕ್ಸಿನ ಸರದಿ. ಇಂಥ ಕಾರುಗಳ ಒಡನಾಟದಲ್ಲಿ ನಾನು ಕಲಿತದ್ದು ಈ ಕ್ರಮಕ್ಕೆ ತದ್ವಿರುದ್ಧವಾದದ್ದು. ಕರೆಂಟ್ ಹುಟ್ಟುವ ಜಾಗವನ್ನು ಅನುಮಾನಿಸುವ ಮೊದಲು ಅದು ಹರಿಯುವ ದಾರಿಯನ್ನು ಅನುಮಾನಿಸಬೇಕು, ಮತ್ತು ಮೀಟರ್ ಹಿಡಿದು ಅಳೆಯದೆ ಒಂದು ನಟ್ಟನ್ನೂ ಸಡಿಲಿಸಬಾರದು.

ಇದಕ್ಕೆ ಲೆಕ್ಕವೇ ಸಾಕ್ಷಿ. ಪೂರ್ತಿ ಚಾರ್ಜ್ ಆಗಿ ರಾತ್ರಿಯಿಡೀ ಸುಮ್ಮನೆ ನಿಂತ 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ ಖಾಲಿಯಾಗಿದೆ. ಅದು ಮತ್ತೆ ತುಂಬಬೇಕಾದರೆ ಟರ್ಮಿನಲ್ಲಿನ ಮೇಲೆ 14 ವೋಲ್ಟಿನ ಆಸುಪಾಸು ಇರಬೇಕು. ಡೈನಮೋದ ಬದಲು ಆಲ್ಟರ್ನೇಟರ್ ಇರುವ ಕಾರನ್ನೇ ತೆಗೆದುಕೊಳ್ಳಿ. ದಾರಿಯ ಒಂದು ಜೋಡಣೆ ಕಿಲುಬು ಹಿಡಿದು ಬರೀ 0.05 ಓಮ್ ತಡೆ ಒಡ್ಡುತ್ತಿದೆ ಎಂದುಕೊಳ್ಳೋಣ. ಹೆಡ್‌ಲೈಟ್, ವೈಪರ್ ಎಲ್ಲ ಸೇರಿ 20 ಆಂಪಿಯರ್ ಆ ಜೋಡಣೆಯ ಮೂಲಕ ಹರಿಯುವಾಗ 1 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆಲ್ಟರ್ನೇಟರ್ 14.2 ಕೊಡುತ್ತಿದ್ದರೂ ಬ್ಯಾಟರಿಗೆ ತಲುಪುವುದು 13.2 ಮಾತ್ರ, ಕಾಲುವೆಯ ತುಂಬ ನೀರಿದ್ದೂ ಕೊನೆಯ ಗದ್ದೆ ಒಣಗಿದ ಹಾಗೆ. ಹೀಗೆ ಸದಾ ಅರೆಬರೆ ತುಂಬುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ, ಹೊಸ ಬ್ಯಾಟರಿಯೂ ಹಳೆಯದರ ದಾರಿ ಹಿಡಿಯುತ್ತದೆ. ಮಲ್ಟಿಮೀಟರಿನ ಬೀಪ್ ಪರೀಕ್ಷೆಗೆ ಈ ದೋಷ ಸಿಕ್ಕುವುದೇ ಇಲ್ಲ. 0.05 ಓಮ್ ಅದಕ್ಕೆ ಸೊನ್ನೆಗೆ ಸಮ. ಇಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದ ತಂತಿಯೂ ಬೀಪ್ ಎನ್ನುತ್ತದೆ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಹೆಡ್‌ಲೈಟ್ ಹಾಕಿ, ಎಂಜಿನನ್ನು ಸುಮಾರು 2000 ಆರ್‌ಪಿಎಂನಲ್ಲಿ ಓಡಿಸುತ್ತ, ಮೀಟರಿನ ಒಂದು ಮೊನೆಯನ್ನು ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಒತ್ತಬೇಕು. ಕ್ಲ್ಯಾಂಪಿಗೆ ಒತ್ತಿದರೆ ಸಾಲದು, ಸೀಸದ ಕಂಬಕ್ಕೇ ತಾಗಬೇಕು, ಯಾಕೆಂದರೆ ಕಂಬ ಮತ್ತು ಕ್ಲ್ಯಾಂಪಿನ ನಡುವಿನ ಬಿಳಿ ಪುಡಿಯೂ ಆರೋಪಿಯೇ. ಮೀಟರ್ 0.2, 0.3 ತೋರಿಸಿದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ.

ಕರೆಂಟ್ ಮರಳುವ ಅರ್ತ್ ಕಡೆಯನ್ನೂ ಹೀಗೆಯೇ ನೋಡಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದಕ್ಕೂ ಬಾಡಿಗೂ ನಡುವೆ ದಪ್ಪ ಕರೆಂಟಿಗೆ ಇರುವ ದಾರಿ ಹೆಣೆದ ತಾಮ್ರದ ಒಂದು ಪಟ್ಟಿ ಮಾತ್ರ. ಅದು ತುಂಡಾದರೆ ಕರೆಂಟ್ ಚೋಕ್ ಕೇಬಲ್ಲನ್ನೋ ಆಕ್ಸಿಲರೇಟರ್ ಕೇಬಲ್ಲನ್ನೋ ಹಿಡಿದು ಹೋಗುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುವುದು ಇದರ ಗುರುತು. ಪ್ರೀತಿಯಿಂದ ಹೊಸದಾಗಿ ಪೇಂಟ್ ಹೊಡೆಸಿದ ಕಾರುಗಳಲ್ಲಿ ಈ ಕಾಟ ಇನ್ನೂ ಹೆಚ್ಚು, ಯಾಕೆಂದರೆ ಅರ್ತ್ ಬೋಲ್ಟಿನ ಕೆಳಗೂ ಪೇಂಟ್ ಕೂತಿರುತ್ತದೆ. ಡೈನಮೋ ಕಾರಿನಲ್ಲಿ ಕಟೌಟ್ ಬಾಕ್ಸಿನ ರೆಗ್ಯುಲೇಟರ್ ಸುರುಳಿ ವೋಲ್ಟೇಜನ್ನು ಅಳೆಯುವುದೂ ಅರ್ತ್‌ಗೆ ಹೋಲಿಸಿಯೇ. ಬಾಕ್ಸಿನ ಅರ್ತ್ ಕೆಟ್ಟು ತಡೆ ಒಡ್ಡಿದರೆ ಆ ಸುರುಳಿ ಸಮಯಕ್ಕೆ ಎಳೆಯುವುದಿಲ್ಲ, ಡೈನಮೋದ ಲಗಾಮು ಸಡಿಲವಾಗುತ್ತದೆ, ಬ್ಯಾಟರಿಯ ನೀರು ಕುದಿಯುತ್ತದೆ, ಬಲ್ಬುಗಳು ಸುಡುತ್ತವೆ. ಚಾರ್ಜ್ ಕಡಿಮೆಯಾದರೂ ಹೆಚ್ಚಾದರೂ ಹುಡುಕಾಟ ಅರ್ತ್‌ನಿಂದಲೇ ಶುರುವಾಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮೂವತ್ತು ನಲವತ್ತು ವರ್ಷ ಕೈ ಕಪ್ಪು ಮಾಡಿಕೊಂಡ ಮೇಸ್ತ್ರಿಗೆ ಮೀಟರ್ ಯಾಕೆ ಎಂದು ಕೇಳುವವರಿದ್ದಾರೆ. ಆ ಅನುಭವದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಬೇರಿಂಗಿನ ಸದ್ದು, ಸುಟ್ಟ ಆರ್ಮೇಚರಿನ ವಾಸನೆ ಅವರಿಗೆ ಸಿಕ್ಕುವಷ್ಟು ಬೇಗ ಯಾವ ಉಪಕರಣಕ್ಕೂ ಸಿಕ್ಕುವುದಿಲ್ಲ. ಹೆಡ್‌ಲೈಟ್ ಹಾಕಿ ಓಡಿಸಿಕೊಂಡು ಬಂದ ಮೇಲೆ ಒಂದೊಂದೇ ಜೋಡಣೆಯನ್ನು ಬೆರಳಿನಿಂದ ಮುಟ್ಟಿ, ಬಿಸಿಯಾದದ್ದನ್ನು ಹಿಡಿಯುವ ಹಳೆಯ ಎಲೆಕ್ಟ್ರಿಷಿಯನ್ನರು ಮಾಡುವುದೂ ಇದೇ ಪರೀಕ್ಷೆ. ಆದರೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿ ಎನ್ನುವ ಅಭ್ಯಾಸವನ್ನು ಮಾತ್ರ ಒಪ್ಪಲಾರೆ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಚಿಮ್ಮಿ ಆಲ್ಟರ್ನೇಟರಿನ ಡಯೋಡುಗಳು ಹಾಳಾಗಬಹುದು; ಇಲ್ಲದ ರೋಗವನ್ನು ಪರೀಕ್ಷೆಯೇ ಅಂಟಿಸಿದಂತಾಗುತ್ತದೆ. ಇನ್ನು ಡೈನಮೋ ನಿಜವಾಗಿಯೂ ಕೆಡುವುದಿಲ್ಲವೇ? ಕೆಡುತ್ತದೆ. ಕಾರ್ಬನ್ ಬ್ರಷ್ ಸವೆಯುತ್ತದೆ, ಫೀಲ್ಡ್ ಸುರುಳಿ ಸುಡುತ್ತದೆ. ಅದನ್ನು ತಿಳಿಯುವುದಕ್ಕೂ ಬಿಚ್ಚಬೇಕಾಗಿಲ್ಲ. ಲೂಕಾಸ್ ಮಾದರಿಯ ಡೈನಮೋದ ಎರಡೂ ತಂತಿ ಕಳಚಿ, ಡಿ ಮತ್ತು ಎಫ್ ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಅಲ್ಲಿಂದ ಅರ್ತ್‌ಗೆ ಮೀಟರ್ ಹಿಡಿದು ಎಂಜಿನ್ ವೇಗವನ್ನು ಮೆಲ್ಲಗೆ ಏರಿಸಿದರೆ ಮುಳ್ಳು ತಡವರಿಸದೆ ಮೇಲೇರಬೇಕು. 20 ವೋಲ್ಟಿನ ಹತ್ತಿರ ನಿಲ್ಲಿಸಿ, ಮುಂದಕ್ಕೆ ಹೋಗಬೇಡಿ. ಒಂದು ವೋಲ್ಟಿನೊಳಗೇ ಉಳಿದರೆ ಫೀಲ್ಡನ್ನು, ನಾಲ್ಕೈದರಲ್ಲಿ ನಿಂತರೆ ಆರ್ಮೇಚರನ್ನು ಅನುಮಾನಿಸಬಹುದು. ಆಗ ಸ್ಪ್ಯಾನರ್ ಎತ್ತಿಕೊಳ್ಳುವುದು ನ್ಯಾಯ.

ಇಷ್ಟೆಲ್ಲ ಯಾಕೆ, ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದರೆ ಮುಗಿಯಿತಲ್ಲ ಎನ್ನುವ ವಾದಕ್ಕೆ ತೂಕವಿದೆ. ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜ್ ಮಾಡುವುದೇ ಇಲ್ಲ ಎನ್ನಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸಾಗುವ ಕಾರಿಗೆ ಆಲ್ಟರ್ನೇಟರ್ ಒಳ್ಳೆಯದೇ, ದಿನಾ ಓಡಿಸುವವರು ಹಾಕಿಸಿಕೊಳ್ಳಲಿ. ಆದರೆ ಹಳೆಯ ತಂತಿಯನ್ನು ಹಾಗೆಯೇ ಬಿಟ್ಟರೆ ದೋಷವೂ ಉಳಿಯುತ್ತದೆ, ಅಪಾಯವೂ ಸೇರುತ್ತದೆ. ಲೂಕಾಸ್ ಸಿ40 ಡೈನಮೋ ಕೊಡುತ್ತಿದ್ದದ್ದು 22 ಆಂಪಿಯರ್, ಕಾರಿನ ತಂತಿ, ಆಮೀಟರ್ ಎಲ್ಲ ಆ ಲೆಕ್ಕದವು. 45 ಆಂಪಿಯರಿನ ಆಲ್ಟರ್ನೇಟರ್ ಅದೇ ತಂತಿಯಲ್ಲಿ ಕರೆಂಟ್ ನೂಕಿದರೆ ಸಡಿಲ ಜೋಡಣೆ ಮೊದಲು ಬಿಸಿಯಾಗುತ್ತದೆ, ಆಮೇಲೆ ತಂತಿಯ ಹೊದಿಕೆ ಕರಗುತ್ತದೆ. ಪಾಸಿಟಿವ್ ಅರ್ತ್ ಇರುವ ಹಳೆಯ ಬ್ರಿಟಿಷ್ ಕಾರಾದರೆ ಧ್ರುವವನ್ನೂ ಬದಲಿಸಬೇಕು. ಮರೆತು ಜೋಡಿಸಿದರೆ ಡಯೋಡುಗಳು ಅಲ್ಲೇ ಸುಟ್ಟುಹೋಗುತ್ತವೆ. ಹಾಕುವುದೇ ಆದರೆ ಬ್ಯಾಟರಿಯವರೆಗೆ ಹೊಸ ದಪ್ಪ ತಂತಿಯನ್ನೂ ಹೊಸ ಅರ್ತ್ ಪಟ್ಟಿಯನ್ನೂ ಜೊತೆಯಲ್ಲೇ ಹಾಕಿಸಿ, ಬೋಲ್ಟ್ ಕೂರುವ ಜಾಗದ ಪೇಂಟನ್ನು ಲೋಹ ಹೊಳೆಯುವವರೆಗೆ ಕೆರೆದು, ಬಿಗಿದ ಮೇಲೆ ಅದೇ ವೋಲ್ಟ್ ಪರೀಕ್ಷೆಯನ್ನು ನಿಮ್ಮ ಎದುರಿಗೇ ಮಾಡಿಸಿಕೊಳ್ಳಿ.