ಬೀಡು ಕಬ್ಬಿಣಕ್ಕೆ ಬಲ ತುಂಬುವ ಏಳು ಸೂತ್ರಗಳು

ಬೆಳಗಾವಿಯಿಂದ ಹೊರಟ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ಕಟ್ಟಿ ಕಬ್ಬಿಣದ ನೇಗಿಲು ತಯಾರಿಸಿದರು. ಅದೇ ಜಿಲ್ಲೆಯ ಕುಪವಾಡ ಎಂಐಡಿಸಿಯ ಫೌಂಡ್ರಿಗಳಲ್ಲಿ ಕುಲುಮೆ ಕಾಯುವ ನಮ್ಮ ಕನ್ನಡದ ಹುಡುಗರಿಗೆ, ಸ್ವಂತ ಫೌಂಡ್ರಿ ಹಾಕುವ ಕನಸಿರುವವರಿಗೆ ಈ ಮಾತುಗಳು.

1. ದರ್ಜೆ ಕೇಳಿಕೊಳ್ಳಿ. ಭಾರತೀಯ ಮಾನಕ ಐಎಸ್ 210ರ ಎಫ್‌ಜಿ 260 ಎಂದರೆ ಪರೀಕ್ಷಾ ಸಲಾಕೆ ಚದರ ಮಿಲಿಮೀಟರಿಗೆ ಕನಿಷ್ಠ 260 ನ್ಯೂಟನ್ ಎಳೆತ ತಾಳಬೇಕು. ಪಂಪಿನ ಕವಚವೋ, ಬ್ರೇಕ್ ಡ್ರಮ್ಮೋ ತಿಳಿಯದೆ ಲೋಹ ಆರಿಸಬೇಡಿ.

2. ಮೂಲ ಬೀಡು ಸರಿಪಡಿಸಿ. ಸಿಲಿಕಾನ್ ಮತ್ತು ರಂಜಕದ ಶೇಕಡಾ ಪ್ರಮಾಣಗಳ ಮೊತ್ತದಲ್ಲಿ ಮೂರನೇ ಒಂದು ಪಾಲನ್ನು ಇಂಗಾಲದ ಶೇಕಡಾ ಪ್ರಮಾಣಕ್ಕೆ ಕೂಡಿಸಿ. ಬಂದ ಈ ಇಂಗಾಲ ಸಮಾನ 4.3ರತ್ತ ಏರಿದಷ್ಟೂ ಬಲ ಇಳಿಯುತ್ತದೆ. ಇಲ್ಲಿ ತಪ್ಪಿದರೆ ದುಬಾರಿ ಮಾಲಿಬ್ಡಿನಮ್ ಹಾಕಿಯೂ ಫಲವಿಲ್ಲ.

3. ಗಂಧಕವನ್ನು ಕಟ್ಟಿಹಾಕಿ. ಗಂಧಕದ ಶೇಕಡಾ ಪ್ರಮಾಣವನ್ನು 1.7ರಿಂದ ಗುಣಿಸಿ, 0.3 ಕೂಡಿಸಿ. ಅಷ್ಟು ಮ್ಯಾಂಗನೀಸ್ ಇರಲಿ.

4. ಪ್ರತಿ ಲೋಹದ ಗುಣ ಅರಿಯಿರಿ. ಶೇ 0.5ರಿಂದ 1ರಷ್ಟು ತಾಮ್ರ ಪರ್ಲೈಟ್ ಹೆಚ್ಚಿಸಿ ಬಲ ಕೊಡುತ್ತದೆ, ಚಿಲ್ (ಬಿಳಿ ಬೀಡು) ತರುವುದಿಲ್ಲ. ತವರ ಶೇ 0.1 ದಾಟಬಾರದು. ಕ್ರೋಮಿಯಂ ಗಡಸು ತರುತ್ತದೆ. ಅತಿಯಾದರೆ ತೆಳುವಾದ ಅಂಚು ಬಿಳಿ ಬೀಡಾಗಿ ಮಷೀನ್ ಶಾಪಿನಲ್ಲಿ ಟೂಲ್ ಮುರಿಯುತ್ತದೆ. ಆ ಚಿಲ್ ತಗ್ಗಿಸಲು ನಿಕಲ್ ಜೊತೆಗಿರಲಿ. ಬಿಸಿಯಲ್ಲೂ ಬಲ ಉಳಿಯಬೇಕಾದರೆ ಮಾಲಿಬ್ಡಿನಮ್.

5. ಸವೆತಕ್ಕೆ ಬೇರೆ ಬೀಡು ಬಳಸಿ. ಅದಿರು ಅರೆಯುವ ಗಿರಣಿಯ ಲೈನರಿಗೆ ಸುಮಾರು ಶೇ 4 ನಿಕಲ್, ಶೇ 2 ಕ್ರೋಮಿಯಂ ಇರುವ ನಿ-ಹಾರ್ಡ್ ಬೇಕು. ಅದು ಗಡಸು, ಆದರೆ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ.

6. ತೂಗಿ, ಒಣಗಿಸಿ ಹಾಕಿ. 500 ಕೆಜಿ ಕರಗಿದ ಬೀಡಿಗೆ ಶೇ 0.3 ಕ್ರೋಮಿಯಂ ಎಂದರೆ 1.5 ಕೆಜಿ. ಶೇ 60ರ ಫೆರೋಕ್ರೋಮ್ ಆದರೆ 2.5 ಕೆಜಿ. ಸ್ಕ್ರ್ಯಾಪಿನಲ್ಲಿ ಮೊದಲೇ ಇದ್ದ ಕ್ರೋಮಿಯಂ ಅನ್ನು ಆ 1.5 ಕೆಜಿಯಿಂದ ಮೊದಲು ಕಳೆಯಿರಿ. ಒದ್ದೆ ತುಂಡು ಕುಲುಮೆಗೆ ಬಿದ್ದರೆ ಬೀಡು ಸಿಡಿದು ಜೀವಕ್ಕೇ ಅಪಾಯ.

7. ಇನಾಕ್ಯುಲೇಷನ್ ಮರೆಯಬೇಡಿ. ಲ್ಯಾಡಲ್ ತುಂಬುವಾಗಲೇ ಫೆರೋಸಿಲಿಕಾನ್ ಹಾಕಿ, ತಡಮಾಡದೆ ಎರೆಯಿರಿ. ನಿಮಿಷಗಳು ಕಳೆದಂತೆ ಅದರ ಗುಣ ಇಳಿಯುತ್ತದೆ. ಎರೆಯುವ ಮುನ್ನ ವೆಜ್ (ಬೆಣೆಯಾಕಾರದ ಪರೀಕ್ಷಾ ತುಂಡು) ಮುರಿದು ಬಿಳಿ ಭಾಗ ಅಳೆಯಿರಿ.

ಮಿಶ್ರಲೋಹದ ಬಲ ಇರುವುದು ಲೆಕ್ಕದಲ್ಲಿ, ಸುರಿದ ರಾಶಿಯಲ್ಲಲ್ಲ. ಪ್ರತಿ ಹೀಟಿನ ತೂಕ, ವೆಜ್, ಗಡಸುತನ ಇವತ್ತಿನಿಂದಲೇ ಬರೆದಿಡಿ. ಆ ಪುಸ್ತಕ ಯಾರ ಕೈಯಲ್ಲಿದೆಯೋ ನಾಳೆ ಫೌಂಡ್ರಿ ನಡೆಸುವವರು ಅವರೇ.