ಮದ್ದು ಶ್ವಾಸನಾಳವನ್ನು ಸೇರುವ ಬಗೆ

ರೋಗಕ್ಕೆ ಮದ್ದಿದ್ದರೆ ಸಾಲದು. ಅದು ರೋಗವಿರುವ ಎಡೆಯನ್ನು ಮುಟ್ಟಬೇಕು. ಕೆರೆ ತುಂಬಿದ್ದರೂ ಕಾಲುವೆಯ ಕೊನೆಯ ಗದ್ದೆ ಒಣಗುವುದನ್ನು ನಾವು ಕಂಡಿಲ್ಲವೆ? ಬಹುಕಾಲ ಕಾಡುವ ಶ್ವಾಸನಾಳದ ಸೋಂಕುಗಳ ಚಿಕಿತ್ಸೆಯಲ್ಲಿಯೂ ಇಂಥದೇ ತೊಡಕುಂಟು.

ನಮ್ಮ ಶ್ವಾಸನಾಳವು ಮರದ ಕೊಂಬೆಗಳಂತೆ ಸುಮಾರು 23 ಸಲ ಕವಲೊಡೆದು ಗಾಳಿಗೂಡುಗಳನ್ನು ಸೇರುತ್ತದೆ. ಅದರ ಒಳಗೋಡೆಯ ಮೇಲೆ ತೆಳುವಾದ ಲೋಳೆಯೂ, ಆ ಲೋಳೆಯನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳೂ ಇವೆ. ಕ್ಷಯವೇ ಮೊದಲಾದ ರೋಗಗಳಿಂದ ಗೋಡೆ ಕೆಟ್ಟು ನಾಳ ಹಿಗ್ಗಿದರೆ ಕಫವು ಅಲ್ಲಿಯೇ ನಿಲ್ಲುತ್ತದೆ. ಇದನ್ನು ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ನಿಂತ ಕಫದಲ್ಲಿ ಸ್ಯೂಡೊಮೋನಾಸ್ ಎಂಬ ಬ್ಯಾಕ್ಟೀರಿಯವು ಅಂಟುಪೊರೆಯನ್ನು ಕಟ್ಟಿಕೊಂಡು ವರ್ಷಗಟ್ಟಲೆ ನೆಲಸಬಲ್ಲದು.

ಈ ಬ್ಯಾಕ್ಟೀರಿಯವನ್ನು ಕೊಲ್ಲಬಲ್ಲ ಔಷಧಗಳಲ್ಲಿ ಟೋಬ್ರಾಮೈಸಿನ್ ಒಂದು. ನುಂಗಿದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲವೆಂದೇ ಹೇಳಬಹುದು. ಸೂಜಿಯ ಮೂಲಕ ರಕ್ತಕ್ಕೆ ಸೇರಿಸಿದರೆ ಅದರಲ್ಲಿ ಅಲ್ಪಾಂಶ ಮಾತ್ರ ಕಫಕ್ಕೆ ಇಳಿಯುತ್ತದೆ. ಪ್ರಮಾಣವನ್ನು ಹೆಚ್ಚಿಸೋಣವೆಂದರೆ ಮೂತ್ರಪಿಂಡಕ್ಕೂ ಕಿವಿಗೂ ಅಪಾಯ. ಹೀಗೆ ಹೋದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳುವುದಿಲ್ಲ. ಉಸಿರನ್ನು ಉಳಿಸಿಕೊಳ್ಳಲು ಕಿವಿಯನ್ನು ತೆರಬೇಕೆ?

ಇದಕ್ಕೆ ವಿಜ್ಞಾನಿಗಳು ಕಂಡ ಉಪಾಯವು ಸರಳವಾದುದು: ಮದ್ದನ್ನು ಉಸಿರಿನೊಡನೆಯೇ ಕಳುಹಿಸುವುದು. ನೆಬ್ಯುಲೈಜರ್ ಎಂಬ ಯಂತ್ರವು ದ್ರವವನ್ನು ಮಂಜಿನಂತಹ ಹನಿಗಳನ್ನಾಗಿ ಒಡೆಯುತ್ತದೆ. ಇಲ್ಲಿ ಹನಿಯ ಗಾತ್ರವೇ ಮುಖ್ಯ. 5 ಮೈಕ್ರಾನಿಗಿಂತ ದೊಡ್ಡ ಹನಿಗಳಲ್ಲಿ ಬಹುಪಾಲು ಗಂಟಲಿಗೆ ಬಡಿದು ಅಲ್ಲಿಯೇ ಉಳಿಯುತ್ತವೆ. ತೀರ ಸಣ್ಣವು ಹೊರಗೆ ಬಿಡುವ ಉಸಿರಿನೊಡನೆ ಹಿಂತಿರುಗಬಹುದು. 1ರಿಂದ 5 ಮೈಕ್ರಾನಿನವು ಕವಲುಗಳಲ್ಲಿ ಇಳಿದು ನೆಲೆಗೊಳ್ಳುತ್ತವೆ. ಹೀಗೆ ಕಫದಲ್ಲಿ ಮದ್ದು ಹೇರಳವಾಗಿಯೂ ರಕ್ತದಲ್ಲಿ ಅತ್ಯಲ್ಪವಾಗಿಯೂ ಇರುತ್ತದೆ.

ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಕಫ ಅಂಟಾಗುವ ಆನುವಂಶಿಕ ರೋಗ. ಅದರ 520 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲ 1999ರಲ್ಲಿ ಪ್ರಕಟವಾಯಿತು. ಈ ಮಂಜನ್ನು ಸೇವಿಸಿದವರು ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿಯು 20ನೆಯ ವಾರಕ್ಕೆ ಸರಾಸರಿ ಶೇಕಡಾ 10ರಷ್ಟು ಹೆಚ್ಚಿತ್ತು. ಮದ್ದಿಲ್ಲದ ಮಂಜನ್ನು ಸೇವಿಸಿದವರಲ್ಲಿ ಶೇಕಡಾ 2ರಷ್ಟು ಇಳಿದಿತ್ತು.

ಆದರೂ ಇದು ಸರ್ವರೋಗಹರವಲ್ಲ. ಕೆಲವರಿಗೆ ಕೆಮ್ಮು, ಉಬ್ಬಸ ಬರುತ್ತವೆ. ಕಫದಿಂದ ಪೂರ್ತಿ ಮುಚ್ಚಿದ ಕವಲಿಗೆ ಗಾಳಿಯೇ ಹೋಗದಿರುವಾಗ ಮದ್ದು ಹೇಗೆ ಹೋದೀತು? ಆದುದರಿಂದ ಮೊದಲು ಕಫವನ್ನು ಹೊರಹಾಕಿಸಿ ಆಮೇಲೆ ಮದ್ದನ್ನು ಕೊಡುವುದು ರೂಢಿ. ಕಾಲುವೆಯ ಹೂಳು ತೆಗೆಯದೆ ತೂಬೆತ್ತಿ ಫಲವೇನು?