ಆ ಲೆಕ್ಕ ನಿಮಗೆ ಗೊತ್ತಿತ್ತು

ಪ್ರಶ್ನೆ: ನನಗೆ 26 ವರ್ಷ. ದಾವಣಗೆರೆಯಲ್ಲಿ ಗೃಹಸಾಲ ಕೊಡುವ ಸಂಸ್ಥೆಯೊಂದರಲ್ಲಿ ಮೂರು ವರ್ಷ ಫೈಲು ನೋಡುತ್ತಿದ್ದೆ. ಈಗ ಬೆಂಗಳೂರಿನಲ್ಲಿ ಅಮೆರಿಕದ ಮಾರ್ಟ್‌ಗೇಜ್ ಪ್ರೊಸೆಸಿಂಗ್ ಕೆಲಸ ಹುಡುಕುತ್ತಿದ್ದೇನೆ. ಮೂರು ಇಂಟರ್‌ವ್ಯೂ ಕೈತಪ್ಪಿದವು. ಕೊನೆಯದರಲ್ಲಿ ‘ಡಿಟಿಐ ಅಂದರೇನು’ ಎಂದಾಗ ಬಾಯೇ ಕಟ್ಟಿತು. ಎದುರಿದ್ದವರು ನಕ್ಕಂತೆ ಕಂಡಿತು. ನಿದ್ದೆ ಬರುತ್ತಿಲ್ಲ, ಮನೆಗೆ ಫೋನ್ ಮಾಡಲೂ ಮುಜುಗರ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇ?

ಉತ್ತರ: ಎದುರಿಗೆ ಇಬ್ಬರು ಉತ್ತರಕ್ಕಾಗಿ ಕಾಯುತ್ತಾ ಕೂತಿರುವಾಗ ಬಾಯಿ ಕಟ್ಟಿಹೋಗುವ ಸಂಕಟ ಸಣ್ಣದಲ್ಲ. ಆ ನಗು ನಿಮ್ಮನ್ನು ಕುರಿತೇ ಇತ್ತೋ ಇಲ್ಲವೋ, ನಿಮಗಾದ ನೋವಂತೂ ನಿಜ. ರಾತ್ರಿ ಅದೇ ಕಣ್ಮುಂದೆ ಬರುತ್ತಿದ್ದರೆ ಅದು ನಿಮ್ಮ ದೌರ್ಬಲ್ಯವಲ್ಲ.

ಈಗ ಒಂದು ಮಾತು ಕೇಳುತ್ತೇನೆ. ಆ ಮೂರು ವರ್ಷದಲ್ಲಿ, ಅರ್ಜಿದಾರರ ಸಂಬಳದಲ್ಲಿ ಕಂತುಗಳಿಗೇ ಎಷ್ಟು ಹೋಗುತ್ತದೆ ಎಂದು ನೀವು ಲೆಕ್ಕ ಹಾಕದ ದಿನ ಇತ್ತೇ? ನಮ್ಮಲ್ಲಿ ಅದನ್ನು ಎಫ್‌ಒಐಆರ್ ಎನ್ನುತ್ತಾರೆ. ಡಿಟಿಐ ಹೆಚ್ಚುಕಡಿಮೆ ಅದೇ. ತೆರಿಗೆ ಕಳೆಯುವ ಮುಂಚೆ ತಿಂಗಳಿಗೆ 6,000 ಡಾಲರ್ ದುಡಿಯುವವರಿಗೆ ಮನೆಯ ಕಂತು 1,500, ಕಾರಿನದು 400, ಕ್ರೆಡಿಟ್ ಕಾರ್ಡಿಗೆ 100 ಇದ್ದರೆ ಒಟ್ಟು 2,000. ದುಡಿಮೆಯ ಮೂರನೇ ಒಂದು ಪಾಲು, ಶೇ 33. ಅಲ್ಲಿ ಮನೆಯ ಕಂತಿಗೆ ಆಸ್ತಿ ತೆರಿಗೆಯನ್ನೂ ವಿಮೆಯನ್ನೂ ಸೇರಿಸುತ್ತಾರೆ, ಅದೊಂದು ವ್ಯತ್ಯಾಸ. ಅಂದು ನಿಮಗೆ ಗೊತ್ತಿಲ್ಲದ್ದು ಒಂದು ಹೆಸರು. ಲೆಕ್ಕ ಗೊತ್ತಿತ್ತು.

ಕಲಿಯಬೇಕಾದ್ದು ಏನೂ ಇಲ್ಲ ಎಂದು ಸಮಾಧಾನಕ್ಕೆ ಹೇಳಲಾರೆ. ಅಲ್ಲಿನ ಅರ್ಜಿ ನಮೂನೆಗೆ 1003 ಎನ್ನುತ್ತಾರೆ. ಅರ್ಜಿ ಬಂದ ಮೂರು ಕೆಲಸದ ದಿನಗಳೊಳಗೆ ಸಾಲದ ಅಂದಾಜು ಖರ್ಚು ತಿಳಿಸುವ ಲೋನ್ ಎಸ್ಟಿಮೇಟ್ ಕಳಿಸಬೇಕು. ಸಾಲಪತ್ರಕ್ಕೆ ಸಹಿ ಬೀಳುವುದಕ್ಕೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಅಂತಿಮ ಲೆಕ್ಕ ತಿಳಿಸುವ ಕ್ಲೋಸಿಂಗ್ ಡಿಸ್‌ಕ್ಲೋಷರ್ ಗ್ರಾಹಕರ ಕೈಸೇರಬೇಕು. 2015ರ ಅಕ್ಟೋಬರ್‌ನಿಂದ ಇರುವ ಈ ನಿಯಮಗಳನ್ನು ಇಂಟರ್‌ವ್ಯೂಗಳಲ್ಲಿ ಕೇಳುವುದುಂಟು. ಇವನ್ನು ಉರು ಹೊಡೆಯಬೇಡಿ. ನೀವು ನಿಭಾಯಿಸಿದ ಕಷ್ಟದ ಫೈಲೊಂದನ್ನು, ಗ್ರಾಹಕರ ಹೆಸರು ಬಿಟ್ಟು, ಈ ಹೊಸ ಪದಗಳಲ್ಲಿ ಗೆಳತಿಗೆ ಜೋರಾಗಿ ಹೇಳಿ. ಇಂಗ್ಲಿಷ್ ತಡವರಿಸಿದರೂ ನಿಲ್ಲಿಸಬೇಡಿ. ನಾಲ್ಕನೇ ಸಲಕ್ಕೆ ಅದೇ ಸಲೀಸಾಗುತ್ತದೆ.

ಮತ್ತೆ ಗೊತ್ತಿಲ್ಲದ ಪದ ಎದುರಾದರೆ, “ಈ ಹೆಸರು ನನಗೆ ಹೊಸದು, ಸ್ವಲ್ಪ ಬಿಡಿಸಿ ಹೇಳುತ್ತೀರಾ? ನಮ್ಮ ಶಾಖೆಯಲ್ಲಿ ಹೇಗೆ ಮಾಡುತ್ತಿದ್ದೆವೆಂದು ಹೇಳುತ್ತೇನೆ” ಎನ್ನಿ. ಸಾಲದ ಕಾಗದಪತ್ರ ನೋಡುವ ಕೆಲಸದಲ್ಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರ ಮೇಲೇ ನನಗೆ ಹೆಚ್ಚು ನಂಬಿಕೆ. ನೀವೂ ಕೇಳಿ: ರಾತ್ರಿ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ, ಮನೆವರೆಗೆ ಕ್ಯಾಬ್ ಇದೆಯೇ? ತರಬೇತಿಗೋ ಠೇವಣಿಗೋ ಮೊದಲೇ ದುಡ್ಡು ಕಟ್ಟಿ ಎಂದರೆ ಎದ್ದು ಬನ್ನಿ.

ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಗೆ ಮಾತ್ರ ಇವತ್ತೇ ಫೋನ್ ಮಾಡಿ. ಇನ್ನೂ ಕೆಲಸ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ ಎಂದರೆ ಸಾಕು. ಅದಕ್ಕೂ ಮೊದಲು ಅವರು ಊಟ ಆಯ್ತಾ ಎಂದು ಕೇಳಿಯೇ ಕೇಳುತ್ತಾರೆ.